ಮರಗಸಿಯಲ್ಲಿ ಬಿದ್ದ ಕುಟುರನ ಮರಿ

ಏಪ್ರಿಲ್‌ನಲ್ಲಿ ತೋಟದ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಒಣಕೊಂಬೆಯೊಂದು ಪೊಟರೆ ಸಮೇತ ಕೆಳಗೆ ಬಿತ್ತು. ಒಳಗೆ ಕುಟುರ ಹಕ್ಕಿಯ ಮರಿ, ಎಡರೆಕ್ಕೆಗೆ ಪೆಟ್ಟಾಗಿತ್ತು. ಕೊಡಗಿನ ಪಾಲಿಬೆಟ್ಟದಿಂದ ಜೀಪಿನಲ್ಲಿ ಒಂದು ಗಂಟೆ ದೂರದ ಹಕ್ಕಿಗಳ ಆರೈಕೆ ಕೇಂದ್ರಕ್ಕೆ ಒಯ್ದೆ.

ಮೊದಲ ಚಿಕಿತ್ಸೆ ನನಗೇ ಆಯಿತು. ಮನೆಯಲ್ಲಿ ನಾವು ಕೊಕ್ಕು ಬಿಡಿಸಿ ನೀರು ಹನಿಸಿದ್ದೆವು. "ಬಾಯಿ ತೆರೆದಿದ್ದು ಬಾಯಾರಿಕೆಯಿಂದಲ್ಲ ಅಣ್ಣಾ, ಹೆದರಿಕೆಯಿಂದ. ನೀರು ಶ್ವಾಸನಾಳಕ್ಕೆ ಇಳಿದಿದ್ದರೆ ಸತ್ತೇ ಹೋಗುತ್ತಿತ್ತು" ಎಂದಳು ಅಲ್ಲಿನ ಹುಡುಗಿ. ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದೆ ತಂದರೆ ಸಾಕಂತೆ. ಮನೆಯಲ್ಲೇ ಸಾಕೋಣವೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.

ಮೃಗಾಲಯದ ಆಸೆಯಿಂದ ಹೋಗಬೇಡಿ. ಹಕ್ಕಿಗಳನ್ನು ಮುಟ್ಟುವಂತಿಲ್ಲ, ಫೋಟೊ ಇಲ್ಲ, ಬಟ್ಟೆಯ ಪರದೆಯ ಸಂದಿಯಿಂದ ಎರಡು ನಿಮಿಷ ನೋಡಬಹುದು, ಅಷ್ಟೇ. ನನ್ನ ಮೊಮ್ಮಗ ಮುಖ ಊದಿಸಿಕೊಂಡ. ಮನುಷ್ಯರ ಸಲಿಗೆ ಹತ್ತಿದ ಮರಿ ಕಾಡಿಗೆ ಮರಳಿದರೆ ಬದುಕುವುದು ಕಷ್ಟ. ಈ ಬಿಗಿಯೇ ನನಗೆ ಹಿಡಿಸಿತು.

ದೂರುಗಳೂ ಇವೆ. ಮಧ್ಯಾಹ್ನ ಫೋನ್ ಎತ್ತುವುದಿಲ್ಲ. ದೇಣಿಗೆಯ ರಸೀದಿಗೆ ಮೂರು ಸಲ ಕೇಳಬೇಕಾಯಿತು. ಹಣಕ್ಕಿಂತ ಹಳೆಯ ಪತ್ರಿಕೆ, ಮಾಗಿದ ಪಪ್ಪಾಯಿಯನ್ನು ಹೆಚ್ಚು ಖುಷಿಯಿಂದ ತೆಗೆದುಕೊಳ್ಳುತ್ತಾರೆ. ಹದಿನೈದು ದಿನಕ್ಕೊಮ್ಮೆ ಒಂದು ಬುಟ್ಟಿ ಕಳಿಸುತ್ತಿದ್ದೇನೆ.

ಜೂನ್ ಮೊದಲ ವಾರ ಮರಿಯನ್ನು ನಮ್ಮ ತೋಟದಲ್ಲೇ ಬಿಟ್ಟರು. ಈಗ ಅತ್ತಿಮರದಿಂದ ಕುಟ್ರೂ ಕುಟ್ರೂ ಕೇಳಿದಾಗಲೆಲ್ಲ ಅದು ನಮ್ಮದೇ ಎನ್ನುತ್ತಾಳೆ ಹೆಂಡತಿ. ಆ ಮರದಲ್ಲಿ ಕುಟುರಗಳು ಹತ್ತಾದರೂ ಇವೆ.