ಕೂತು ಆಡುವ ಗಾಲ್ಫ್, ನಿಂತು ಆಡುವ ಗಾಲ್ಫ್: ನಿಮಗೆ ಯಾವುದು?

ಗಾಲಿಕುರ್ಚಿ ಬಳಸುವವರು ಬೆಳಗಾವಿಯಲ್ಲಿ ಗಾಲ್ಫ್ ಕಲಿಯಬೇಕು ಅಂದರೆ ಮೊದಲ ಪ್ರಶ್ನೆ ಇದೇ. ಒಬ್ಬರೇ ಕೂರುವ ಗಾಲ್ಫ್ ಗಾಡಿಯಲ್ಲಿ ಸೀಟು ಪಕ್ಕಕ್ಕೆ ತಿರುಗುತ್ತದೆ, ಕೂತಲ್ಲಿಂದಲೇ ಹೊಡೆಯಬಹುದು. ಆದರೆ ತೊಡೆ ಅಡ್ಡ ಬರುತ್ತದೆ. ಬೀಸು ಚಿಕ್ಕದು, ಚೆಂಡು ಹೋಗುವ ದೂರವೂ ಕಡಿಮೆ.

ಪ್ಯಾರಾಗಾಲ್ಫರ್ ಎಂಬ ಮೂರು ಗಾಲಿಯ ಗಾಡಿ ಬೇರೆ ಥರ. ಎದೆ, ಮೊಣಕಾಲಿಗೆ ಆಸರೆ ಕೊಟ್ಟು ಆಟಗಾರರನ್ನು ಎತ್ತಿ ನಿಲ್ಲಿಸುತ್ತದೆ. ಪೂರ್ತಿ ಬೀಸಬಹುದು. ಗೆಳೆಯರ ಸಮಕ್ಕೆ ನಿಂತು ಆಡುವುದು ಸಣ್ಣ ವಿಷಯ ಅಲ್ಲ ಅಲ್ವಾ? ಆದರೆ ವರ್ಷಗಟ್ಟಲೆ ನಿಲ್ಲದವರಿಗೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು, ಮೂಳೆ ಸವೆದಿರಬಹುದು. ವೈದ್ಯರನ್ನು ಕೇಳದೆ ದಯವಿಟ್ಟು ಹತ್ತಬೇಡಿ. ಬೆಲೆಯೂ ಬಹಳ ಜಾಸ್ತಿ.

ನನ್ನ ಮಾತು ಕೇಳುವುದಾದರೆ ಕೂತು ಶುರು ಮಾಡಿ. ಅದೂ ಮಳೆಗಾಲ ಮುಗಿದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರ ಮಳೆಗೆ ನೆಲ ಮೆತ್ತಗಾಗಿ ಗಾಲಿ ಹೂತುಕೊಳ್ಳುತ್ತದೆ.

ನಿಯಮದ ಚಿಂತೆ ಎರಡಕ್ಕೂ ಬೇಡ. 2023ರಿಂದ ಅಂಗವಿಕಲ ಆಟಗಾರರಿಗಾಗಿ 25ನೇ ನಿಯಮ ಗಾಲ್ಫ್ ನಿಯಮಪುಸ್ತಕದಲ್ಲೇ ಸೇರಿದೆ. ಮೈದಾನದ ಮರಳುಗುಂಡಿಯಲ್ಲಿ ಸಿಕ್ಕಿ ಆಡಲಾಗದ ಚೆಂಡನ್ನು ಗುಂಡಿಯ ಹಿಂದಕ್ಕೆ, ಹೊರಗೆ ಬೀಳಿಸಿ ಆಡಿದರೆ ಬೇರೆಯವರ ಲೆಕ್ಕಕ್ಕೆ ಎರಡು ಹೊಡೆತ ದಂಡವಾಗಿ ಸೇರುತ್ತದೆ. ಗಾಲಿ ಸಾಧನದಲ್ಲಿ ಆಡುವವರಿಗೆ ಒಂದೇ.