ಲ್ಯಾಟಿನ್ ಪಾಪ್ ಏರ್‌ಪ್ಲೇ: ರೇಡಿಯೊ ಹಾಕಿದ್ದರ ಲೆಕ್ಕ

ಲಾಸ್ ಏಂಜಲೀಸ್ ಸುತ್ತಮುತ್ತ ನೆಲೆಸಿ, ದಿನಕ್ಕೆರಡು ಹೊತ್ತು ಕಾರಿನಲ್ಲಿ ಕೂತು ಕೆಲಸಕ್ಕೆ ಹೋಗಿಬರುವವರಿಗೆ, ಅವರು ಮೆಕ್ಸಿಕೊದವರಾಗಲಿ ಮೈಸೂರಿನವರಾಗಲಿ, ಎಫ್‌ಎಂ 107.5 ಹೊಸದೇನಲ್ಲ. ಕೆ-ಲವ್ ಎಂದು ಹೆಸರಾದ ಈ ಸ್ಪ್ಯಾನಿಷ್ ಕೇಂದ್ರ 1990ರ ದಶಕದ ನಡುಭಾಗದಲ್ಲಿ ಇಂಗ್ಲಿಷ್ ಕೇಂದ್ರಗಳನ್ನೂ ಹಿಂದಿಕ್ಕಿ ಆ ಮಹಾನಗರದಲ್ಲಿ ಅತಿ ಹೆಚ್ಚು ಕೇಳುಗರನ್ನು ಪಡೆದಿತ್ತು. ಒಂದೇ ಹಾಡನ್ನು ಬೆಳಿಗ್ಗೆಯೂ ಸಂಜೆಯೂ ಕೇಳಿದವರಿಗೆ, ಇದನ್ನು ಇಷ್ಟು ಸಲ ಹಾಕುತ್ತಾರಲ್ಲ, ಇದರ ಲೆಕ್ಕ ಯಾರಾದರೂ ಇಡುತ್ತಾರೆಯೇ ಎಂಬ ಕುತೂಹಲ ಹುಟ್ಟುವುದು ಸಹಜ. ಲೆಕ್ಕ ಇಡುವವರಿದ್ದಾರೆ. ಬಿಲ್‌ಬೋರ್ಡ್ ಎಂಬ ಅಮೆರಿಕದ ಸಂಗೀತ ಪತ್ರಿಕೆ ವಾರಕ್ಕೊಮ್ಮೆ ಪ್ರಕಟಿಸುವ ‘ಲ್ಯಾಟಿನ್ ಪಾಪ್ ಏರ್‌ಪ್ಲೇ’ ಪಟ್ಟಿ ಆ ಕೆಲಸವನ್ನು 1994ರಿಂದ ಮಾಡುತ್ತ ಬಂದಿದೆ. ಅದನ್ನು ಬಹುಕಾಲದಿಂದ ಓದುತ್ತಿರುವವನಾಗಿ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಟ್ಟಿಯ ಹೆಸರಿನಲ್ಲಿಯೇ ಅದರ ಮಿತಿಯೂ ಇದೆ. ಇದು ಮಾರಾಟವಾದ ಹಾಡುಗಳ ಪಟ್ಟಿಯಲ್ಲ. ಜನರು ಫೋನಿನಲ್ಲಿ ತಾವಾಗಿ ಹುಡುಕಿ ಕೇಳಿದ ಹಾಡುಗಳ ಪಟ್ಟಿಯೂ ಅಲ್ಲ. ಅಮೆರಿಕದ ಸ್ಪ್ಯಾನಿಷ್ ರೇಡಿಯೊ ಕೇಂದ್ರಗಳು ಏನನ್ನು ಪ್ರಸಾರ ಮಾಡಿದವು, ಆ ಹೊತ್ತಿನಲ್ಲಿ ಅಂದಾಜು ಎಷ್ಟು ಜನ ಆ ಕೇಂದ್ರಕ್ಕೆ ಕಿವಿಗೊಟ್ಟಿದ್ದರು ಎಂಬೆರಡನ್ನು ಗುಣಿಸಿ ಬಂದ ಸಂಖ್ಯೆಯೇ ಇಲ್ಲಿ ಸ್ಥಾನವನ್ನು ನಿರ್ಧರಿಸುತ್ತದೆ. ಆದ್ದರಿಂದ ನಡುರಾತ್ರಿ ಸಣ್ಣ ಊರಿನ ಕೇಂದ್ರವೊಂದು ಹತ್ತು ಸಲ ಹಾಕಿದ ಹಾಡಿಗಿಂತ, ಮಯಾಮಿಯ ದೊಡ್ಡ ಕೇಂದ್ರವೊಂದು ಬೆಳಗಿನ ಎಂಟು ಗಂಟೆಗೆ ಒಮ್ಮೆ ಹಾಕಿದ ಹಾಡಿನ ತೂಕವೇ ಹೆಚ್ಚಾಗಬಹುದು. ತರ್ಕ ಸರಿಯಾಗಿಯೇ ಇದೆ. ಆದರೆ ಗುಣಾಕಾರದ ಎರಡನೆಯ ಅಂಕಿ, ಅಂದರೆ ಕೇಳುಗರ ಸಂಖ್ಯೆ, ಎಣಿಕೆಯಿಂದ ಬಂದದ್ದಲ್ಲ, ಮಾದರಿ ಸಮೀಕ್ಷೆಯಿಂದ ಬಂದದ್ದು ಎಂಬುದನ್ನು ಓದುಗರು ಮರೆಯಬಾರದು. ಆರಿಸಿದ ಕೆಲವರ ಸೊಂಟಕ್ಕೊಂದು ಪುಟ್ಟ ಮೀಟರ್ ಕಟ್ಟಿ, ಪ್ರಸಾರದಲ್ಲಿ ಅಡಗಿಸಿಟ್ಟ, ಕಿವಿಗೆ ಕೇಳಿಸದ ಸಂಕೇತವನ್ನು ಅದು ಹಿಡಿಯುವಂತೆ ಮಾಡುವ ವಿಧಾನವನ್ನು ರೇಡಿಯೊ ಕೇಳುಗರ ಸಮೀಕ್ಷೆ ನಡೆಸುತ್ತಿದ್ದ ಆರ್ಬಿಟ್ರಾನ್ ಸಂಸ್ಥೆ ದೊಡ್ಡ ನಗರಗಳಿಗೆ ತಂದಾಗ, ಆ ಮಾದರಿಯಲ್ಲಿ ಸ್ಪ್ಯಾನಿಷ್ ಭಾಷಿಕರಿಗೂ ಕಪ್ಪು ಜನರಿಗೂ ತಕ್ಕ ಪಾಲಿಲ್ಲವೆಂಬ ದೂರು ಎದ್ದಿತು. 2008ರಲ್ಲಿ ನ್ಯೂಯಾರ್ಕ್ ರಾಜ್ಯವೇ ಆ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿ, ಮರುವರ್ಷ ಅದು ಒಪ್ಪಂದದಲ್ಲಿ ಮುಗಿಯಿತು. ಸ್ಪ್ಯಾನಿಷ್ ರೇಡಿಯೊದ ಪಟ್ಟಿಯೊಂದಕ್ಕೆ ಇದು ಬದಿಯಲ್ಲಿ ಬಿಡಬಹುದಾದ ಸಂಗತಿಯಲ್ಲ. ತಕ್ಕಡಿಯ ಬಗೆಗೇ ಎದ್ದ ಪ್ರಶ್ನೆ.

ಮೊದಲ ಅಂಕಿಯ, ಅಂದರೆ ಪ್ರಸಾರದ ಎಣಿಕೆಯ, ಕಥೆ ಇದಕ್ಕಿಂತ ಮೇಲು. ಬಿಲ್‌ಬೋರ್ಡ್ 1986ರ ಸೆಪ್ಟೆಂಬರ್‌ನಲ್ಲಿ ಸ್ಪ್ಯಾನಿಷ್ ಹಾಡುಗಳ ಮೊದಲ ಪಟ್ಟಿಯನ್ನು ಆರಂಭಿಸಿದಾಗ (ಮೊದಲ ವಾರ ಅಗ್ರಸ್ಥಾನ ಸ್ಪೇನಿನ ಗಾಯಕಿ ರೋಸಿಯೊ ದುರ್ಕಾಲ್ ಅವರದು), ಕೇಂದ್ರಗಳು ತಾವೇ ಹೇಳಿದ್ದನ್ನು ನಂಬಬೇಕಾಗಿತ್ತು. 1994ರ ಹೊತ್ತಿಗೆ ಕಂಪ್ಯೂಟರ್ ಪ್ರಸಾರವನ್ನು ಆಲಿಸಿ, ದನಿಯ ಗುರುತಿನಿಂದ ಹಾಡನ್ನು ಪತ್ತೆಹಚ್ಚುವ ವ್ಯವಸ್ಥೆ ಬಂತು. ಅದೇ ವರ್ಷ ಪಾಪ್, ಮೆಕ್ಸಿಕೊದ ಪ್ರಾದೇಶಿಕ ಸಂಗೀತ, ಕೆರಿಬಿಯನ್ ಕಡೆಯ ಟ್ರಾಪಿಕಲ್ ಸಂಗೀತ ಎಂದು ಮೂರು ಪ್ರತ್ಯೇಕ ಪಟ್ಟಿಗಳೂ ಹುಟ್ಟಿದವು. 2005ರಲ್ಲಿ ರೆಗೆಟಾನ್ ಎಂಬ, ರ‍್ಯಾಪ್ ಬೆರೆತ ಕುಣಿತದ ಸಂಗೀತ ಅಬ್ಬರಿಸಿದಾಗ ‘ಲ್ಯಾಟಿನ್ ರಿದಮ್’ ಎಂಬ ನಾಲ್ಕನೆಯದು ಸೇರಿಕೊಂಡಿತು.

ಎಣಿಕೆಯೇನೋ ಯಂತ್ರದ ಕೈಗೆ ಹೋಯಿತು, ಆದರೆ ಎಣಿಸಬೇಕಾದ ಹಾಡನ್ನು ಆರಿಸುವವನು ಮನುಷ್ಯನೇ ಆಗಿ ಉಳಿದ. ಅಮೆರಿಕದ ಸ್ಪ್ಯಾನಿಷ್ ಟಿವಿ, ರೇಡಿಯೊಗಳ ದೊಡ್ಡ ಒಡೆಯ ಯೂನಿವಿಷನ್ ಬಳಗದ ಸಂಗೀತ ಕಂಪನಿ ತನ್ನ ಹಾಡುಗಳನ್ನು ಹಾಕಿಸಲು ರೇಡಿಯೊದವರಿಗೆ ಹಣ ಕೊಟ್ಟಿದ್ದ ಪ್ರಕರಣ 2010ರಲ್ಲಿ ತಪ್ಪೊಪ್ಪಿಗೆಯೊಂದಿಗೂ 10 ಲಕ್ಷ ಡಾಲರ್ ದಂಡದೊಂದಿಗೂ ಮುಗಿದದ್ದು ಸಾರ್ವಜನಿಕ ದಾಖಲೆಯಲ್ಲಿದೆ. ಕಾಸು ಪಡೆದು ಹಾಕಿದ ಹಾಡನ್ನೂ ಪ್ರೀತಿಯಿಂದ ಹಾಕಿದ ಹಾಡನ್ನೂ ಯಂತ್ರ ಒಂದೇ ನಿಷ್ಠೆಯಿಂದ ಎಣಿಸುತ್ತದೆ. ಇದರ ಜೊತೆಗೆ ಕಾನೂನಿಗೆ ಒಳಪಟ್ಟೇ ನಡೆಯುವ ಜಾಣ್ಮೆಯೊಂದಿದೆ: ಒಂದೇ ಹಾಡನ್ನು ಮೆಲುದನಿಯ ಬಲಾದಾ ಆಗಿ ಪಾಪ್ ಕೇಂದ್ರಗಳಿಗೆ, ಸಾಲ್ಸಾ ತಾಳದಲ್ಲಿ ನ್ಯೂಯಾರ್ಕಿನ ಕೇಂದ್ರಗಳಿಗೆ, ತುತ್ತೂರಿಗಳ ಬಾಂದಾ ಮೇಳದೊಂದಿಗೆ ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳ ಮೆಕ್ಸಿಕನ್ ಕೇಂದ್ರಗಳಿಗೆ ಬೇರೆಬೇರೆಯಾಗಿ ಧ್ವನಿಮುದ್ರಿಸಿ ಹಂಚುವುದು. ಒಂದೇ ಹಿಟ್ಟಿನಲ್ಲಿ ಇಡ್ಲಿ, ದೋಸೆ, ಪಡ್ಡು ಮಾಡಿದ ಹಾಗೆ. ಇದನ್ನು ನಾನು ಮೋಸವೆನ್ನಲಾರೆ. ಸ್ಪ್ಯಾನಿಷ್ ಎಂಬ ಒಂದು ಮಾತಿನಡಿ ಎಷ್ಟು ಬೇರೆಬೇರೆ ಕಿವಿಗಳಿವೆ ಎಂಬುದನ್ನು ಕಂಪನಿಗಳು ಪಟ್ಟಿ ಮಾಡುವವರಿಗಿಂತ ಮೊದಲೇ ಅರಿತಿದ್ದವು.

ಈ ಪಟ್ಟಿಯ ನಿಜವಾದ ಬೆಲೆ ನನಗೆ ತಿಳಿದದ್ದು 2012ರ ನಂತರ. ಅಲ್ಲಿಯವರೆಗೆ ಸ್ಪ್ಯಾನಿಷ್ ಹಾಡುಗಳ ಮುಖ್ಯ ಪಟ್ಟಿಯಾದ ‘ಹಾಟ್ ಲ್ಯಾಟಿನ್ ಸಾಂಗ್ಸ್’ ಕೂಡ ಸ್ಪ್ಯಾನಿಷ್ ರೇಡಿಯೊವನ್ನೇ ಆಧರಿಸಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಬಿಲ್‌ಬೋರ್ಡ್ ಅದಕ್ಕೆ ಡೌನ್‌ಲೋಡ್, ಸ್ಟ್ರೀಮಿಂಗ್ ಹಾಗೂ ಇಂಗ್ಲಿಷ್ ಕೇಂದ್ರಗಳ ಪ್ರಸಾರವನ್ನೂ ಸೇರಿಸಿತು. ಹಳೆಯ ಕ್ರಮ ಏರ್‌ಪ್ಲೇ ಪಟ್ಟಿಗಳಿಗೆ ಮಾತ್ರ ಉಳಿಯಿತು. ಪರಿಣಾಮ ಬೇಗ ಕಾಣಿಸಿತು. 2005ರಲ್ಲಿ ಶಕೀರಾ ಅವರ ‘ಲಾ ತೊರ್ತೂರಾ’ 25 ವಾರ ಅಗ್ರಸ್ಥಾನದಲ್ಲಿದ್ದದ್ದೇ ದೊಡ್ಡ ಸುದ್ದಿಯಾಗಿತ್ತು. ಹೊಸ ಲೆಕ್ಕದಲ್ಲಿ ಎನ್ರಿಕೆ ಇಗ್ಲೇಸಿಯಾಸ್ ಅವರ ‘ಬೈಲಾಂದೊ’ 41 ವಾರ, 2017ರ ‘ದೆಸ್ಪಾಸಿತೊ’ ಒಟ್ಟು 56 ವಾರ ಅಲ್ಲಿ ಕುಳಿತವು. ‘ದೆಸ್ಪಾಸಿತೊ’ಗೆ ಜಸ್ಟಿನ್ ಬೀಬರ್ ದನಿ ಸೇರಿದ ಆವೃತ್ತಿಯನ್ನು ಇಂಗ್ಲಿಷ್ ಕೇಂದ್ರಗಳು ಹಾಕಿದ್ದೂ ಆ ಲೆಕ್ಕಕ್ಕೆ ಬಂತು. ವರ್ಷಪೂರ್ತಿ ಒಂದೇ ಹಾಡು ಮೇಲಿದ್ದರೆ ವಾರವಾರ ಪಟ್ಟಿ ತೆರೆದು ನೋಡುವುದಾದರೂ ಏಕೆ? ಅಲ್ಲಿಂದ ನಾನು ಏರ್‌ಪ್ಲೇ ಕಡೆಗೆ ತಿರುಗಿದೆ. ಇಲ್ಲಿ ಮೇಲಿನ ಸ್ಥಾನಗಳು ಆಗಾಗ ಬದಲಾಗುತ್ತವೆ. ಸ್ಟ್ರೀಮಿಂಗ್‌ನಲ್ಲಿ ರೆಗೆಟಾನ್ ಮತ್ತು ಕೊರಿದೊ ಎಂಬ ಮೆಕ್ಸಿಕೊದ ಕಥನಗೀತೆಗಳ ಎದುರು ಸೊಲ್ಲೆತ್ತಲಾಗದ ನಡುವಯಸ್ಸಿನ ಪಾಪ್ ಗಾಯಕರಿಗೆ ಇಲ್ಲಿ ಇನ್ನೂ ಜಾಗವಿದೆ. ಕಾರಿನಲ್ಲಿ, ಅಡುಗೆಮನೆಯಲ್ಲಿ, ಹೋಟೆಲಿನ ಹಿಂದಿನ ಕೋಣೆಯಲ್ಲಿ ರೇಡಿಯೊ ಹಾಕಿಕೊಂಡು ದುಡಿಯುವವರ ದಿನ ಹೇಗೆ ಕೇಳಿಸುತ್ತದೆ ಎಂಬುದು ಮುಖ್ಯ ಪಟ್ಟಿಗಿಂತ ಇಲ್ಲಿಯೇ ಚೆನ್ನಾಗಿ ತಿಳಿಯುತ್ತದೆ.

ಕೊರತೆಗಳೂ ಕಡಿಮೆಯಿಲ್ಲ. ಪಾಪ್ ಎಂದರೇನು ಎಂಬ ಪ್ರಶ್ನೆಗೆ ಪಟ್ಟಿ ಎಂದೂ ಗಟ್ಟಿಯಾದ ಉತ್ತರ ಕೊಟ್ಟಿಲ್ಲ. ಮೊದಮೊದಲು ಪಾಪ್ ಕೇಂದ್ರಗಳು ಹಾಕಿದ್ದೆಲ್ಲ ಪಾಪ್ ಎನಿಸುತ್ತಿತ್ತು, ಹಾಗಾಗಿ ಟ್ರಾಪಿಕಲ್ ಬಗೆಗೆ ಸೇರಿದ ಬಚಾತಾ ಹಾಡು ಕೂಡ ಒಳಗೆ ಬರುತ್ತಿತ್ತು. ಬರಬರುತ್ತ ಹಾಡಿನ ಮೇಲೆಯೇ ಪಾಪ್ ಎಂಬ ಚೀಟಿ ಅಂಟಿಸಿ ಎಣಿಸುವ ಕ್ರಮ ಬಂತು. ಆ ಚೀಟಿಯನ್ನು ಅಂಟಿಸುವವರು ಸಂಪಾದಕರು. ಯಾವ ಹಾಡು ಏಕೆ ಒಳಗೆ, ಯಾವುದು ಏಕೆ ಹೊರಗೆ ಎಂಬುದಕ್ಕೆ ಪುಟದಲ್ಲಿ ವಿವರಣೆಯಿರುವುದಿಲ್ಲ. ಭಾಷೆಯ ಗಡಿ ಕೂಡ ಮೊದಲಿನಿಂದ ಸಡಿಲವೇ: 1998ರಲ್ಲಿ ಸೆಲೀನ್ ಡಿಯೋನ್ ಹಾಡಿದ ‘ಟೈಟಾನಿಕ್’ ಚಿತ್ರದ ಇಂಗ್ಲಿಷ್ ಗೀತೆ ಸ್ಪ್ಯಾನಿಷ್ ಕೇಂದ್ರಗಳ ಬಲದಿಂದಲೇ ಮುಖ್ಯ ಲ್ಯಾಟಿನ್ ಪಟ್ಟಿಯ ನೆತ್ತಿಗೇರಿತ್ತು. ಅದು ನನಗೆ ದೋಷವಾಗಿ ಕಾಣುವುದಿಲ್ಲ. ರೇಡಿಯೊ ಹಾಕಿದ್ದನ್ನು ಎಣಿಸುತ್ತೇನೆಂದವರು ಹಾಕಿದ್ದನ್ನು ಎಣಿಸಿದರು, ಅಷ್ಟೆ.

ನನ್ನ ದೊಡ್ಡ ತಕರಾರು ಬೇರೆ. ಪಟ್ಟಿಯ ಪುಟದಲ್ಲಿ ಹಿಂದಿನ ವಾರದ ಸ್ಥಾನ, ಏರಿದ ಅತ್ಯುನ್ನತ ಸ್ಥಾನ, ಪಟ್ಟಿಯಲ್ಲಿ ಕಳೆದ ವಾರಗಳು ಇರುತ್ತವೆ. ಸ್ಥಾನವನ್ನು ತಂದುಕೊಟ್ಟ ಕೇಳುಗರ ಸಂಖ್ಯೆ ಮಾತ್ರ ಇರುವುದಿಲ್ಲ. ಒಂದನೆಯದಕ್ಕೂ ಎರಡನೆಯದಕ್ಕೂ ಕೂದಲೆಳೆಯ ಅಂತರವೋ ಗಾವುದ ದೂರವೋ ಎಂದು ಓದುಗನಿಗೆ ತಿಳಿಯುವ ದಾರಿಯೇ ಇಲ್ಲ. ಪರೀಕ್ಷೆಯಲ್ಲಿ ಅಂಕ ತೋರಿಸದೆ ರ‍್ಯಾಂಕ್ ಮಾತ್ರ ಹೇಳಿ ಕಳಿಸಿದಂತೆ ಇದು. ಇನ್ನು, ಈಗ ಪ್ರಸಾರದ ದತ್ತಾಂಶ ಬರುವುದು ಮೀಡಿಯಾಬೇಸ್‌ನಿಂದ. ಅದರ ಒಡೆತನ ಐಹಾರ್ಟ್‌ಮೀಡಿಯಾದ್ದು, ಎಂದರೆ ನೂರಾರು ಕೇಂದ್ರಗಳನ್ನು ನಡೆಸುವ ಕಂಪನಿಯದ್ದು. ಲೆಕ್ಕ ತಪ್ಪಿದೆಯೆಂದು ನಾನು ಹೇಳುತ್ತಿಲ್ಲ. ಅಂಗಡಿಯವನೇ ತಕ್ಕಡಿಯ ಮಾಲೀಕನೂ ಆಗಿರುವಾಗ ತೂಕವನ್ನು ಎಲ್ಲರೆದುರು ತೋರಿಸುವ ಹೊಣೆ ಹೆಚ್ಚುತ್ತದೆ, ಇಲ್ಲಿ ಅದು ನಡೆದಿಲ್ಲ.

ಇದರ ಪಕ್ಕದಲ್ಲಿಟ್ಟು ನೋಡಬಹುದಾದವು ಎರಡಿವೆ. ಸ್ಪೇನಿನ ‘ಲೋಸ್ 40’ 1966ರಲ್ಲಿ ರೇಡಿಯೊ ಕಾರ್ಯಕ್ರಮವಾಗಿ ಆರಂಭವಾಗಿ ಮುಂದೆ ಇಡೀ ಕೇಂದ್ರಜಾಲವೇ ಆಗಿ ಬೆಳೆಯಿತು. ಅಲ್ಲಿ ಪಟ್ಟಿ ಪ್ರಸಾರವನ್ನು ಎಣಿಸುವುದಿಲ್ಲ, ಪಟ್ಟಿಯೇ ಪ್ರಸಾರವನ್ನು ನಡೆಸುತ್ತದೆ. ಸಂಪಾದಕರ ಆಯ್ಕೆ ಮತ್ತು ಕೇಳುಗರ ಮತ ಸೇರಿ ಅದು ಸಿದ್ಧವಾಗುತ್ತದೆ. ನಮ್ಮ ಹಿರಿಯರು ರೇಡಿಯೊ ಸಿಲೋನಿಗೆ ಕಿವಿಯಾನಿಸಿ ಕೂತು ಕೇಳುತ್ತಿದ್ದ ಬಿನಾಕಾ ಗೀತಮಾಲಾದ ಸಡಗರ ಅದರಲ್ಲಿದೆ, ಅಳತೆಯ ಶಿಸ್ತಿಲ್ಲ. ಮೆಕ್ಸಿಕೊ, ಅರ್ಜೆಂಟೀನಾ ಮೊದಲಾದ ದೇಶಗಳ ರೇಡಿಯೊ ತಿಳಿಯಬೇಕೆಂದರೆ ಮಾನಿಟರ್ ಲ್ಯಾಟಿನೊ ಹೆಚ್ಚು ಉಪಯುಕ್ತ. ದೇಶಕ್ಕೊಂದು ಪಟ್ಟಿ ಕೊಡುತ್ತದೆ. ಬಿಲ್‌ಬೋರ್ಡ್‌ನದು ಅಮೆರಿಕದ ಗಡಿಯೊಳಗಿನ ಮಾತು. ಆದರೆ 2020ರ ಜನಗಣತಿಯ ಪ್ರಕಾರ ಅಲ್ಲಿ ಹಿಸ್ಪಾನಿಕ್ ಮೂಲದವರೇ ಸುಮಾರು 6.2 ಕೋಟಿ ಇರುವುದರಿಂದ, ಅದನ್ನು ಸಣ್ಣ ಮಾರುಕಟ್ಟೆಯೆಂದು ತಳ್ಳಿಹಾಕುವಂತಿಲ್ಲ.

ಸ್ಪ್ಯಾನಿಷ್ ಕಲಿಯುತ್ತಿರುವವರಿಗೆ ನಾನು ಇದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಏಕೆಂದರೆ ಪಾಪ್ ಹಾಡುಗಳ ಉಚ್ಚಾರ ಸ್ಪಷ್ಟ, ಸಾಲುಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ, ರೇಡಿಯೊಗೆಂದು ಬಂದ ಆವೃತ್ತಿಯಲ್ಲಿ ಬೈಗುಳವೂ ಇರುವುದಿಲ್ಲ. ಈ ಕ್ಷಣ ಯುವಕರು ಏನು ಕೇಳುತ್ತಿದ್ದಾರೆಂದು ತಿಳಿಯಬಯಸುವವರಿಗೆ ಮಾತ್ರ ಇದು ತಡವಾಗಿ ಬರುವ ಪತ್ರ: ರೇಡಿಯೊದವರು ಹಾಡನ್ನು ಹಿಡಿಯುವುದೂ ನಿಧಾನ, ಬಿಡುವುದೂ ನಿಧಾನ. ಶುಕ್ರವಾರದಿಂದ ಗುರುವಾರದವರೆಗಿನ ಪ್ರಸಾರವನ್ನು ಎಣಿಸಿದ ಹೊಸ ಪಟ್ಟಿ ಮುಂದಿನ ಮಂಗಳವಾರದ ಹೊತ್ತಿಗೆ ಬರುತ್ತದೆ. ಅಂದು ನಾನು ‘ಹಾಟ್ ಲ್ಯಾಟಿನ್ ಸಾಂಗ್ಸ್’ ಮತ್ತು ಇದು, ಎರಡನ್ನೂ ಪಕ್ಕಪಕ್ಕದಲ್ಲಿ ತೆರೆಯುತ್ತೇನೆ. ಇದರ ಮೊದಲ ಹತ್ತರಲ್ಲಿದ್ದು ಅದರಲ್ಲಿ ಎಲ್ಲಿಯೂ ಕಾಣದ ಹಾಡು ಯಾವುದೋ, ಆ ವಾರ ಮೊದಲು ಕೇಳುವುದು ಅದನ್ನೇ.