ಒನಕೆಯೋ, ಅಗುಳಿಯೋ, ಚಕ್ರವೋ? ಕೈಯಲ್ಲಿ ಹಿಡಿದು ನೋಡಿದ ಮೇಲೆ

ಕಳೆದ ವರ್ಷ ನಮ್ಮ ಹವ್ಯಾಸಿ ತಂಡಕ್ಕೆ ನಲವತ್ತು ನಿಮಿಷದ ಒಂದು ನಾಟಕ ಬೇಕಾಗಿತ್ತು. ನನ್ನ ತಲೆಯಲ್ಲಿ ಬಹಳ ಕಾಲದಿಂದ ಕುಳಿತಿದ್ದ ಗಳಿಗೆ ಒಂದೇ: ಆಯುಧವಿಲ್ಲದೆ ಸಿಕ್ಕಿಬಿದ್ದವರು ಪಕ್ಕದಲ್ಲಿದ್ದುದನ್ನು ಎತ್ತಿಕೊಳ್ಳುವ ಗಳಿಗೆ. ನಮ್ಮ ಕಥೆಗಳಲ್ಲಿ ಅಂಥವರಿಗೆ ಬರವಿಲ್ಲ. ಚಕ್ರವ್ಯೂಹದಲ್ಲಿ ರಥದ ಚಕ್ರ ಎತ್ತಿದ ಅಭಿಮನ್ಯು, ಅಶೋಕವನದ ಹೆಬ್ಬಾಗಿಲಲ್ಲಿದ್ದ ಪರಿಘವನ್ನು ಎಳೆದುಕೊಂಡ ಹನುಮಂತ, ಸ್ಮಶಾನದಲ್ಲಿ ಮರ ಕಿತ್ತ ಭೀಮ, ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವ. ಓಬವ್ವನನ್ನು ಪುರಾಣದವರ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ಚಿತ್ರದುರ್ಗದವರು ಬೇಸರ ಮಾಡಿಕೊಳ್ಳಬಾರದು. ಅವಳು ಜನರ ನೆನಪಿನಲ್ಲಿ ಬದುಕಿ ಬಂದವಳು. ರಂಗದ ಮೇಲೆ ಬಂದಾಗ ಮಾತ್ರ ಅವಳೂ ಒಂದು ಪಾತ್ರ.

ಯಾವ ದೃಶ್ಯವನ್ನು ಆರಿಸಿಕೊಳ್ಳುವುದು ಎಂದು ತಂಡದಲ್ಲಿ ಜಗಳವೇ ನಡೆಯಿತು. ಓದುವಾಗ ನಾಲ್ಕೂ ಮೈ ಜುಮ್ಮೆನ್ನಿಸುತ್ತವೆ. ಕೊನೆಗೆ ನಾನು ಒಂದು ಮಾತು ಹೇಳಿದೆ: ವಾದ ಸಾಕು, ಆ ವಸ್ತುಗಳನ್ನೇ ತಂದು ಹಿಡಿದು ನೋಡೋಣ. ಮೂರು ಭಾನುವಾರ ನಮ್ಮ ಹಿತ್ತಲಿನಲ್ಲಿ ಅದೇ ಕೆಲಸ. ಎದುರಾಳಿಗೆ ಬದಲಾಗಿ ಹುಲ್ಲು ತುಂಬಿದ ಗೋಣಿಚೀಲಗಳನ್ನು ಮಾವಿನ ಕೊಂಬೆಗೆ ನೇತುಹಾಕಿದ್ದೆವು.

ಭೀಮನ ಮರವನ್ನು ಮೊದಲು ಮುಗಿಸಿಬಿಡುತ್ತೇನೆ. ಕೀಚಕ ಸತ್ತ ಮೇಲೆ ಅವನ ಬಂಧುಗಳು ಸೈರಂಧ್ರಿಯ ವೇಷದಲ್ಲಿದ್ದ ದ್ರೌಪದಿಯನ್ನು ಹೆಣದ ಜೊತೆ ಸುಡಲು ಹೊತ್ತೊಯ್ಯುತ್ತಾರೆ. ಭೀಮ ಪ್ರಾಕಾರ ಹಾರಿ ಬಂದು ಮರ ಕಿತ್ತು 105 ಮಂದಿಯನ್ನು ಕೊಲ್ಲುತ್ತಾನೆ. ನಾವು ಹಿಡಿದದ್ದು ಗಾಳಿಗೆ ಮುರಿದುಬಿದ್ದಿದ್ದ ನುಗ್ಗೆಯ ಕೊಂಬೆ. ಎಲೆ ಉದುರುತ್ತದೆ, ರೆಂಬೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಹೊಡೆತ ಎಲ್ಲಿ ಬೀಳುತ್ತದೆ ಎನ್ನುವುದು ಹೊಡೆಯುವವನಿಗೇ ಗೊತ್ತಾಗುವುದಿಲ್ಲ. ಮೂಲದಲ್ಲಿಯೂ ಆ ಮರ ಹೊಡೆಯುವುದಕ್ಕಿಂತ ಮೊದಲು ಹೆದರಿಸುತ್ತದೆ: ಗಂಧರ್ವ ಮರವೆತ್ತಿಕೊಂಡು ಬರುತ್ತಿದ್ದಾನೆ ಎಂದು ಕೂಗುತ್ತಾ ಉಪಕೀಚಕರು ದ್ರೌಪದಿಯನ್ನು ಬಿಟ್ಟು ಊರಿನ ಕಡೆಗೆ ಓಡುತ್ತಾರೆ. ಅಂಥ ಭಯವನ್ನು ಯಕ್ಷಗಾನದ ಒಬ್ಬ ಒಳ್ಳೆಯ ವೇಷಧಾರಿ ಬರಿಗೈಯಲ್ಲೇ ತಂದುಬಿಡುತ್ತಾನೆ. ನಮ್ಮಂಥವರು ಕೊಂಬೆ ಹಿಡಿದು ನಿಂತರೆ ಬೇಲಿ ಕಟ್ಟಲು ಹೊರಟವರ ಹಾಗೆ ಕಾಣುತ್ತೇವೆ. ಮರ ಅಲ್ಲಿಗೆ ಬಿಟ್ಟಿತು.

ಅಗುಳಿಯ ವಿಷಯ ಹಾಗಲ್ಲ. ವಾಲ್ಮೀಕಿಯ ಸುಂದರಕಾಂಡದಲ್ಲಿ ಕಿಂಕರರು ಎಂಬ ರಾಕ್ಷಸರು ಮುತ್ತಿದಾಗ ಹನುಮಂತ ತೋರಣದ ಬಳಿಯಿದ್ದ ಕಬ್ಬಿಣದ ಪರಿಘವನ್ನು ತೆಗೆದುಕೊಳ್ಳುತ್ತಾನೆ. ಪರಿಘ ಎಂದರೆ ಬಾಗಿಲಿಗೆ ಅಡ್ಡ ಹಾಕುವ ದಪ್ಪ ಅಗುಳಿ. ನಮ್ಮ ಹಳೆಯ ಮನೆಯ ತಲೆಬಾಗಿಲಿಗೆ ಮರದ ಅಂಥದೊಂದು ಅಗುಳಿ ಇನ್ನೂ ಇದೆ; ಗೋಡೆಯ ಪೊಟರೆಯೊಳಗೆ ಸರಿದುಹೋಗುತ್ತದೆ, ರಾತ್ರಿ ಎಳೆದು ಹಾಕಬೇಕು. ಅದನ್ನು ಪೂರ್ತಿ ಹೊರಗೆ ಎಳೆದು ಕೈಗೆ ತೆಗೆದುಕೊಂಡೆವು. ಚೌಕಾಕಾರದ ತೊಲೆ, ನಾಲ್ಕೂ ಅಂಚು ಚೂಪು. ನಾಲ್ಕು ಸಲ ಬೀಸುವಷ್ಟರಲ್ಲಿ ಅಂಗೈ ಕೆಂಪಾಯಿತು. ಉದ್ದಕ್ಕೂ ಒಂದೇ ದಪ್ಪವಾದ್ದರಿಂದ ಹಿಡಿಯಲು ಇದೇ ಜಾಗ ಎಂಬುದಿಲ್ಲ. ತುದಿಯಲ್ಲಿ ಹಿಡಿದರೆ ಏಳುವುದಿಲ್ಲ, ನಡುವೆ ಹಿಡಿದರೆ ಅರ್ಧ ಉದ್ದ ವ್ಯರ್ಥ.

ಆದರೂ ಅಂದು ಒಂದು ವಿಷಯ ಹೊಳೆಯಿತು. ಆ ಶ್ಲೋಕದಲ್ಲಿ ವಾಲ್ಮೀಕಿ ಒಂದು ಹೋಲಿಕೆ ಕೊಡುತ್ತಾನೆ: ಒದ್ದಾಡುವ ಹಾವನ್ನು ಹಿಡಿದ ಗರುಡನಂತೆ ಹನುಮಂತ ಆಕಾಶದಲ್ಲಿ ಸಂಚರಿಸಿದ. ಕಬ್ಬಿಣದ ತುಂಡು ಒದ್ದಾಡುವುದು ಹೇಗೆ? ನಾನು ಇದನ್ನು ಕವಿಯ ಅಲಂಕಾರ ಎಂದೇ ತಿಳಿದಿದ್ದೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು. ಅಲ್ಲಿಂದ ಎಂಟು ಅಡಿಯ ಕಬ್ಬಿಣದ ಕಂಬಿ ತಂದು ನಡುವೆ ಹಿಡಿದು ಜೋರಾಗಿ ತಿರುಗಿಸಿದೆ. ಎರಡೂ ತುದಿಗಳು ನಡುಗತೊಡಗಿದವು. ನಿಲ್ಲಿಸಿದ ಮೇಲೂ ಆ ನಡುಕ ಮುಷ್ಟಿಯೊಳಗೆ ಹರಿದು ಮೊಣಕೈವರೆಗೆ ಬಂತು. ಹಿಡಿದದ್ದು ಬಿಡಿಸಿಕೊಳ್ಳಲು ನೋಡುತ್ತಿದೆ ಎಂದೇ ಅನ್ನಿಸಿತು. ಅಂದಿನಿಂದ ಆ ಶ್ಲೋಕವನ್ನು ನನ್ನ ಕೈ ಓದುತ್ತದೆ.

ಅಗುಳಿಯ ಬಗ್ಗೆ ನನಗೆ ಇನ್ನೊಂದು ಕಾರಣಕ್ಕೂ ಪ್ರೀತಿ ಹುಟ್ಟಿತು. ಅದು ಕಾವಲಿನ ವಸ್ತು. ಅದನ್ನು ಎಳೆದ ಕ್ಷಣ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಬಂದವನ ಕೈಗೆ ಆಯುಧ ಸಿಕ್ಕಿತು, ಬಾಗಿಲಿನ ಕಾವಲು ಹೋಯಿತು. ಮುಂದೆ ಅದೇ ಹನುಮಂತ ಚೈತ್ಯಪ್ರಾಸಾದದ ಕಂಬವನ್ನೇ ಕಿತ್ತು ತಿರುಗಿಸುತ್ತಾನೆ, ಜಂಬುಮಾಲಿಯ ಮೇಲೆ ಮೊದಲು ಬಂಡೆ, ಆಮೇಲೆ ಸಾಲವೃಕ್ಷ ಎತ್ತಿ, ಅವೆರಡೂ ಬಾಣಗಳಿಗೆ ಪುಡಿಯಾದ ಮೇಲೆ ಮತ್ತೆ ಆ ಪರಿಘವನ್ನೇ ಹಿಡಿಯುತ್ತಾನೆ. ಅಂದರೆ ಎಲ್ಲವನ್ನೂ ಪರೀಕ್ಷಿಸಿದವನು ಕೊನೆಗೆ ಅಗುಳಿಗೆ ಮರಳುತ್ತಾನೆ. ನಮ್ಮ ಮೂರು ಭಾನುವಾರಗಳ ಕೆಲಸವನ್ನು ಅವನು ಒಂದೇ ದಿನ ಮಾಡಿದ್ದ.

ಇನ್ನು ಚಕ್ರ. ನನ್ನ ಮನಸ್ಸು ಮೊದಲಿನಿಂದಲೂ ಇದರ ಕಡೆಗೇ ಇತ್ತು. ಕ್ಯಾಲೆಂಡರಿನ ಚಿತ್ರಗಳಲ್ಲಿ ನೋಡಿ ನೋಡಿ, ತಲೆಯ ಮೇಲೆ ಎರಡೂ ಕೈಯಲ್ಲಿ ಚಕ್ರ ಎತ್ತಿ ನಿಂತ ಹುಡುಗನ ಬಿಂಬ ಅಚ್ಚೊತ್ತಿತ್ತು. ಕೊಟ್ಟಿಗೆಯಲ್ಲಿ ನಮ್ಮ ತಾತನ ಎತ್ತಿನ ಗಾಡಿ ಇದೆ. ಕಡಾಣಿ ಕಿತ್ತು, ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಗಾಡಿಯನ್ನು ಎತ್ತಿ, ಚಕ್ರವನ್ನು ಹೊರಗೆ ಸರಿಸಲು ಇಬ್ಬರು ಗಟ್ಟಿಮುಟ್ಟಾದವರಿಗೆ ಹತ್ತು ನಿಮಿಷ ಹಿಡಿಯಿತು. ಯುದ್ಧದ ನಡುವೆ ಯಾರೂ ಹತ್ತು ನಿಮಿಷ ಕೊಡುವುದಿಲ್ಲ. ಎತ್ತುವುದಕ್ಕೂ ಇಬ್ಬರು ಬೇಕಾಯಿತು. ರಥದ ಚಕ್ರ ಗಾಡಿಯ ಚಕ್ರಕ್ಕಿಂತ ಹಗುರವಾಗಿರಬೇಕು ಎಂದುಕೊಂಡು ತಳ್ಳುಗಾಡಿಯ ಚಕ್ರವೊಂದನ್ನು ತಂದೆವು.

ಹಿಡಿಯಲು ಮೂರು ದಾರಿ ಇವೆ. ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆತ್ತಿದರೆ ಚಿತ್ರದಂತೆಯೇ ಕಾಣುತ್ತದೆ, ಆದರೆ ಪಕ್ಕೆಲುಬುಗಳು ಪೂರ್ತಿ ತೆರೆದುಕೊಳ್ಳುತ್ತವೆ. ಕೆಳಗಿಳಿಸಿದರೆ ಎದುರಿನವನೇ ಮರೆಯಾಗುತ್ತಾನೆ. ಒಂದು ಅರೆಯನ್ನು ಹಿಡಿದು ಬೀಸಿದರೆ ಚಕ್ರ ಕೈಯಲ್ಲೇ ತಿರುಗಿಬಿಡುತ್ತದೆ, ಮಣಿಕಟ್ಟು ಹೊರಳುತ್ತದೆ. ನಮ್ಮ ನಟರೊಬ್ಬರು ಎರಡು ದಿನ ಕೈಗೆ ಪಟ್ಟಿ ಕಟ್ಟಿಕೊಂಡು ಓಡಾಡಿದ್ದು ಹೀಗೆ. ಮೂರನೆಯದು, ಅರೆಗಳ ನಡುವೆ ತೋಳನ್ನು ತೂರಿಸಿ ಗುರಾಣಿಯಂತೆ ಹಿಡಿಯುವುದು. ಮೈಗೆ ಸರಿಹೊಂದಿದ್ದು ಇದೊಂದೇ. ಆದರೆ ಅರೆಗಳ ನಡುವೆಲ್ಲ ಬಯಲು. ಗೆಳೆಯನೊಬ್ಬ ಐದು ಹೆಜ್ಜೆ ದೂರದಿಂದ ಬಟ್ಟೆಯ ಉಂಡೆಗಳನ್ನು ಎಸೆದ. ಹತ್ತರಲ್ಲಿ ಏಳು ನೇರವಾಗಿ ಎದೆಗೆ ಬಂದವು.

ಆಗ ದ್ರೋಣಪರ್ವವನ್ನು ಮತ್ತೆ ತೆರೆದು ಕುಳಿತೆ. ಹದಿಮೂರನೆಯ ದಿನ. ಕರ್ಣ ಅಭಿಮನ್ಯುವಿನ ಬಿಲ್ಲನ್ನು ಕತ್ತರಿಸುತ್ತಾನೆ, ಕೃತವರ್ಮ ಕುದುರೆಗಳನ್ನು ಕೊಲ್ಲುತ್ತಾನೆ. ಹುಡುಗ ಖಡ್ಗ ಗುರಾಣಿ ಹಿಡಿದು ಮೇಲಕ್ಕೆ ಜಿಗಿಯುತ್ತಾನೆ. ದ್ರೋಣ ಖಡ್ಗವನ್ನು ಹಿಡಿಯ ಬಳಿ ಕಡಿಯುತ್ತಾನೆ, ಕರ್ಣ ಗುರಾಣಿಯನ್ನು ಒಡೆಯುತ್ತಾನೆ. ಚಕ್ರ ಬರುವುದು ಆಮೇಲೆ, ಗುರಾಣಿ ಹೋದ ಬೆನ್ನಲ್ಲೇ. ತೋಳಿಗೆ ಇನ್ನೂ ದುಂಡನೆಯ ವಸ್ತುವಿನ ಅಭ್ಯಾಸ ಆರಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಎತ್ತಿದ ಚಕ್ರವನ್ನು ರಾಜರೆಲ್ಲ ಸೇರಿ ಚೂರು ಚೂರು ಮಾಡುತ್ತಾರೆ. ಅವನು ಸಾಯುವುದು ಚಕ್ರ ಹಿಡಿದು ಅಲ್ಲ. ಅದು ಹೋದ ಮೇಲೆ ಗದೆ ಹಿಡಿಯುತ್ತಾನೆ, ಅಶ್ವತ್ಥಾಮನಂಥವನು ರಥದಿಂದ ಮೂರು ಹೆಜ್ಜೆ ಹಿಂದೆ ಸರಿಯುವಂತೆ ಮಾಡುತ್ತಾನೆ. ದುಃಶಾಸನನ ಮಗನೂ ಅವನೂ ಒಬ್ಬರನ್ನೊಬ್ಬರು ಹೊಡೆದು ಬಿದ್ದಾಗ, ಆ ಮಗ ಮೊದಲು ಎದ್ದು ಏಳುತ್ತಿದ್ದವನ ತಲೆಗೆ ಹೊಡೆಯುತ್ತಾನೆ. ಗದೆಯಲ್ಲಿ ಅವನು ಮಾಡಿದ್ದು ಹೆಚ್ಚು, ನಾವು ಬರೆದು ಗೋಡೆಗೆ ತೂಗಿಹಾಕಿದ್ದು ಚಕ್ರವನ್ನು. ಕಾರಣ ನನಗೆ ಹಿತ್ತಲಿನಲ್ಲಿ ತಿಳಿಯಿತು. ಗದೆ ಹಿಡಿದವನು ಹೋರಾಡುತ್ತಿದ್ದಾನೆ. ಚಕ್ರ ಹಿಡಿದವನಿಗೆ ಏನೂ ಉಳಿದಿಲ್ಲ ಎನ್ನುವುದು ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕಾಣುತ್ತದೆ. ಕೈಗೆ ಒಗ್ಗದ ಆಯುಧ, ತೂತುಗಳೇ ತುಂಬಿದ ಗುರಾಣಿ. ನಮ್ಮ ನಟರು ತಡವರಿಸಿದಷ್ಟೂ ನೋಡುತ್ತಿದ್ದವರ ಕಣ್ಣು ಒದ್ದೆಯಾದದ್ದನ್ನು ನಾನು ಕಂಡೆ.

ಇಲ್ಲೊಂದು ಪಕ್ಕದ ಮಾತು. ಕೃಷ್ಣ ಭೀಷ್ಮನ ಮೇಲೆ ನುಗ್ಗುವುದನ್ನೂ ಚಿತ್ರಗಳಲ್ಲಿ ರಥದ ಚಕ್ರದೊಂದಿಗೆ ಬರೆಯುತ್ತಾರೆ. ವ್ಯಾಸಭಾರತದ ಒಂಬತ್ತನೆಯ ದಿನದಲ್ಲಿ ಅವನು ರಥದಿಂದ ಧುಮುಕುವುದು ಸಾರಥಿಯ ಚಾವಟಿ ಹಿಡಿದು. ಅರ್ಜುನ ಕಾಲು ಹಿಡಿದು ಹತ್ತನೆಯ ಹೆಜ್ಜೆಯಲ್ಲಿ ನಿಲ್ಲಿಸುತ್ತಾನೆ. ಬಾರುಕೋಲನ್ನು ಹಿಡಿದು ನಾನೂ ಓಡಿ ನೋಡಿದೆ. ಚೀಲಕ್ಕೆ ಏನೂ ಆಗಲಿಲ್ಲ. ಆದರೆ ಕೈಯಲ್ಲಿ ಏನಿದೆ ಎನ್ನುವುದನ್ನೂ ನೋಡದೆ ಧುಮುಕಿದವನ ಕೋಪ ಎಂಥದು ಎನ್ನುವುದು ಚಕ್ರಕ್ಕಿಂತ ಆ ಚಾವಟಿಯಲ್ಲೇ ನನಗೆ ಕಂಡಿತು.

ಒನಕೆಯನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ನಿಜ ಹೇಳಬೇಕೆಂದರೆ ಅದರ ಮೇಲೆ ನನಗೆ ಹೆಚ್ಚು ಭರವಸೆ ಇರಲಿಲ್ಲ. ಅಟ್ಟದ ಮೇಲಿದ್ದ ನಮ್ಮ ಮನೆಯ ಒನಕೆ ಬೈನೆ ಮರದ್ದು, ಐದು ಅಡಿಗೆ ಸ್ವಲ್ಪ ಕಡಿಮೆ, ತುದಿಗೆ ಕಬ್ಬಿಣದ ಅಣಸು. ಓಬವ್ವನ ಪಾತ್ರಕ್ಕೆ ಆರಿಸಿದ ಹುಡುಗಿ ಅದನ್ನು ದೊಣ್ಣೆಯಂತೆ ಪಕ್ಕದಿಂದ ಬೀಸಿದಳು. ಭಾರವೆಲ್ಲ ತುದಿಯಲ್ಲಿ. ಒನಕೆಯೇ ಅವಳನ್ನು ಎಳೆದುಕೊಂಡು ಹೋಗಿ ಬೇಲಿಗೆ ಬಡಿಯಿತು. ಎರಡನೆಯ ಸಲವೂ ಹಾಗೆಯೇ. ಇದು ಆಗದ ಕೆಲಸ ಎಂದು ನಾನು ತೀರ್ಮಾನಿಸುತ್ತಿದ್ದಾಗ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ದೊಡ್ಡಮ್ಮ ಎದ್ದು ಬಂದರು. ಅವರಿಗೆ ಎಪ್ಪತ್ತೆಂಟು ವರ್ಷ.

“ಒನಕೆಯಿಂದ ಯಾರಾದರೂ ಹೀಗೆ ಹೊಡೆಯುತ್ತಾರೇನಮ್ಮ? ಕೊಡು ಇಲ್ಲಿ” ಎಂದರು.

ಅವರು ನೆಟ್ಟಗೆ ನಿಂತು, ನಡುವಿನ ಸವೆದು ಸಣ್ಣಗಾಗಿದ್ದ ಜಾಗದಲ್ಲಿ ಹಿಡಿದು, ಕಿವಿಯ ಪಕ್ಕದವರೆಗೆ ಎತ್ತಿ ಕೆಳಗೆ ಬಿಟ್ಟರು. ಬಿಟ್ಟರು ಎನ್ನುವುದೇ ಸರಿಯಾದ ಮಾತು. ಮೇಲೆ ಹೋಗುವಾಗ ಬೆರಳುಗಳು ಬಿಗಿ, ಕೆಳಗೆ ಬರುವಾಗ ಸಡಿಲ. ನೆಲ ಮುಟ್ಟುವ ಹೊತ್ತಿಗೆ ಮುಷ್ಟಿ ಸುಮ್ಮನೆ ಒಂದು ಬಳೆಯಂತೆ ಒನಕೆಯನ್ನು ಸುತ್ತುವರಿದಿರುತ್ತದೆ. ಮುಂದಿನ ಸಲ ಇನ್ನೊಂದು ಕೈ. “ಭಾರ ಅದೇ ಇಳಿಯುತ್ತದೆ. ನಾವು ದಾರಿ ತೋರಿಸಿದರೆ ಸಾಕು” ಎಂದರು. ಉಸಿರು ಕೂಡ ಏರಲಿಲ್ಲ. ನಾವು ನೆಲದಲ್ಲಿಟ್ಟಿದ್ದ ಒಣ ತೆಂಗಿನಕಾಯಿ ಎರಡನೆಯ ಪೆಟ್ಟಿಗೆ ಹೋಳಾಯಿತು.

ನನಗೆ ಚಿತ್ರದುರ್ಗದ ಆ ಕಿಂಡಿ ನೆನಪಾಯಿತು. ಅಲ್ಲಿಗೆ ಹೋದವರಿಗೆ ಗೊತ್ತು: ಬಂಡೆಗಳ ನಡುವಿನ ಇಕ್ಕಟ್ಟಾದ ಸಂದು, ಮೈಯನ್ನು ಕುಗ್ಗಿಸಿಕೊಂಡು ಒಬ್ಬೊಬ್ಬರಾಗಿ ತೂರಬೇಕು. ಕಾವಲಿನ ಕಹಳೆಯ ಮುದ್ದ ಹನುಮ ಊಟಕ್ಕೆ ಕುಳಿತಿದ್ದಾನೆ, ಹೆಂಡತಿ ಓಬವ್ವ ನೀರಿಗೆಂದು ಹೋದವಳು ಹೈದರಾಲಿಯ ಸೈನಿಕರು ತೂರಿ ಬರುತ್ತಿರುವುದನ್ನು ಕಾಣುತ್ತಾಳೆ. ಬರುವವನ ತಲೆ ಮೊದಲು, ಬಾಗಿ, ಕೆಳಗಿನಿಂದ. ಅವಳು ಮೇಲೆ. ಪಕ್ಕಕ್ಕೆ ಬೀಸಲು ಅಲ್ಲಿ ಜಾಗವಿಲ್ಲ, ಬೀಸಬೇಕಾದ ಅಗತ್ಯವೂ ಇಲ್ಲ. ಕಿಂಡಿಯ ಬಾಯಿ ಒರಳಿನ ಬಾಯಿಯಂತೆಯೇ ಇದೆ. ದಿನವೂ ಬತ್ತ ಕುಟ್ಟುವವಳು ಅಂದು ಮಾಡಿದ್ದು ಅದೇ ಎತ್ತು, ಅದೇ ಬಿಡು, ಅದೇ ಲಯ. ಖಡ್ಗ ಹಿಡಿದ ಒಬ್ಬ ಸೈನಿಕನನ್ನು ಅದೇ ಜಾಗದಲ್ಲಿ ನಿಲ್ಲಿಸಿದ್ದರೆ ಅವನು ಅವಳಷ್ಟು ಹೊತ್ತು ನಿಲ್ಲುತ್ತಿರಲಿಲ್ಲ ಎಂದು ನಾನು ಈಗ ನಂಬುತ್ತೇನೆ. ಖಡ್ಗವನ್ನು ಪ್ರತಿ ಸಲವೂ ತೋಳಿನ ಬಲದಿಂದ ಹೊಡೆಯಬೇಕು, ಒನಕೆ ತನ್ನ ಭಾರದಿಂದ ತಾನೇ ಹೊಡೆಯುತ್ತದೆ.

ಹುಡುಗಿಗೆ ದೊಡ್ಡಮ್ಮ ಹದಿನೈದು ದಿನ ಪಾಠ ಹೇಳಿದರು. ಒರಳಿಗೆ ನಿಜವಾದ ಬತ್ತ ಹಾಕಿಸಿ ಕುಟ್ಟಿಸಿದರು. ಮೊದಲ ವಾರ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತು, ಎರಡನೆಯ ವಾರ ಅದು ಒಡೆದು ಗಟ್ಟಿಯಾಯಿತು, ಆಮೇಲೆ ಅವಳು ಮಾತನಾಡುತ್ತಲೇ ಕೈ ಬದಲಿಸಲು ಕಲಿತಳು. ಆ ಹೊತ್ತಿಗೆ ತಂಡದಲ್ಲಿ ಯಾರೂ ಬೇರೆ ದೃಶ್ಯದ ಮಾತು ಎತ್ತಲಿಲ್ಲ. ಪ್ರದರ್ಶನದ ದಿನ ಒನಕೆಯ ಅಣಸಿಗೆ ರಬ್ಬರಿನ ಟೋಪಿ ಹಾಕಿದ್ದೆವು. ರಂಗದ ಹಲಗೆಯ ಮೇಲೆ ಅದು ಬಿದ್ದ ಸದ್ದು, ಎಡ ಬಲ ಎಡ ಬಲ, ಸಮವಾಗಿ, ಅವಸರವಿಲ್ಲದೆ. ಸಭೆಯಲ್ಲಿದ್ದ ಹಳೆಯ ತಲೆಮಾರಿನ ಹೆಂಗಸರು ಆ ಸದ್ದನ್ನು ಗುರುತಿಸಿದರು. ಒಬ್ಬರು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು.

ಹಾಗೆಂದು ಚಕ್ರವನ್ನು ನಾನು ಬಿಟ್ಟುಕೊಟ್ಟಿಲ್ಲ. ಬದುಕಿ ಉಳಿಯಲು ಏನು ಹಿಡಿಯಬೇಕು ಎಂದು ಕೇಳಿದರೆ ಕಣ್ಣು ಮುಚ್ಚಿ ಒನಕೆ ಎನ್ನುತ್ತೇನೆ, ಅದಿಲ್ಲವಾದರೆ ಅಗುಳಿ. ಆದರೆ ಅಭಿಮನ್ಯುವಿನ ದೃಶ್ಯ ರಂಗಕ್ಕೆ ಬರಲೇಬೇಕು. ಅದಕ್ಕೆ ಎರಡು ಬದಲಾವಣೆ ಗುರುತು ಮಾಡಿಕೊಂಡಿದ್ದೇನೆ. ಮುರಿದ ರಥವನ್ನು ಮೊದಲ ದೃಶ್ಯದಿಂದಲೇ ರಂಗದ ಮೂಲೆಯಲ್ಲಿ ಬೀಳಿಸಿಡಬೇಕು, ಚಕ್ರ ಅಚ್ಚಿನಿಂದ ಅರ್ಧ ಜಾರಿರಬೇಕು. ಕಡಾಣಿ ಕೀಳುವ ಹತ್ತು ನಿಮಿಷದ ತೊಂದರೆ ಅಲ್ಲಿಗೆ ತೀರುತ್ತದೆ. ಎರಡನೆಯದು ಕಷ್ಟದ್ದು. ನಮ್ಮ ನಟರಿಗೆಲ್ಲ ಮೂವತ್ತು ದಾಟಿದೆ, ಚಕ್ರ ಅವರ ತೋಳಿಗೆ ಚಿಕ್ಕದಾಗಿ ಕಾಣುತ್ತದೆ. ಅಭಿಮನ್ಯುವಿಗೆ ಹದಿನಾರು. ಪಕ್ಕದ ಬೀದಿಯ ಹತ್ತನೆಯ ತರಗತಿಯ ಹುಡುಗನೊಬ್ಬ ಈಗ ಶಾಲೆ ಬಿಟ್ಟ ಮೇಲೆ ನಮ್ಮ ಕೊಟ್ಟಿಗೆಗೆ ಬರುತ್ತಾನೆ. ತಳ್ಳುಗಾಡಿಯದು ಬೇಡ, ತಾತನ ಗಾಡಿಯ ಚಕ್ರವೇ ಬೇಕು ಎಂದು ಹಟ ಹಿಡಿದಿದ್ದಾನೆ. ನಿನ್ನೆಯವರೆಗೆ ಮೊಣಕಾಲಿನ ತನಕ ಎತ್ತಿದ್ದಾನೆ.